ಸಲೀಂ ಮಿರ್ಜಾ ಕೇಳಿದ ಪ್ರಶ್ನೆ

ಸಿನಿಮಾ ಬರೀ ಮನರಂಜನೆ ಎಂದು ತಳ್ಳಿಹಾಕುವವರಿದ್ದಾರೆ. ಆದರೆ ಶಾಲೆಯ ಮೆಟ್ಟಿಲು ಹತ್ತದವರೂ ನಮ್ಮಲ್ಲಿ ಚಿತ್ರಮಂದಿರದ ಮೆಟ್ಟಿಲು ಹತ್ತಿದ್ದಾರೆ. ದೇಶವೆಂದರೇನು, ಅದರಲ್ಲಿ ನಮ್ಮವರು ಯಾರು, ಹೊರಗಿನವರು ಯಾರು ಎಂಬ ಪಾಠವನ್ನು ಬಹಳ ಜನ ಕಲಿತದ್ದು ಪರದೆಯಿಂದಲೇ. ಆದ್ದರಿಂದ ಹಿಂದಿ ಸಿನಿಮಾ ಮುಸ್ಲಿಮನನ್ನು ಹೇಗೆ ಚಿತ್ರಿಸಿತು ಎಂಬುದು ಕೇವಲ ಕಲೆಯ ಪ್ರಶ್ನೆಯಲ್ಲ, ಪೌರತ್ವದ ಪ್ರಶ್ನೆ ಕೂಡ.

ಸ್ವಾತಂತ್ರ್ಯಾನಂತರದ ಮೊದಲ ಎರಡೂವರೆ ದಶಕಗಳಲ್ಲಿ ಪರದೆಯ ಮುಸ್ಲಿಮನಿಗೆ ಎರಡು ವೇಷಗಳು ಹೆಚ್ಚಾಗಿ ಸಿಕ್ಕವು. ಒಂದು, ‘ಮೊಘಲ್-ಎ-ಆಝಮ್’ (1960)ನ ಬಾದಶಹನದು ಅಥವಾ ‘ಮೇರೆ ಮೆಹಬೂಬ್’ (1963), ‘ಪಾಕೀಝಾ’ (1972)ಗಳ ನವಾಬಿ ಲೋಕದ್ದು. ಇನ್ನೊಂದು, ‘ಝಂಜೀರ್’ (1973)ನ ಶೇರ್ ಖಾನ್‌ನಂತೆ ನಾಯಕನಿಗಾಗಿ ಪ್ರಾಣ ಕೊಡಲೂ ಸಿದ್ಧನಾದ ಗೆಳೆಯನದು. ಎರಡರಲ್ಲೂ ದ್ವೇಷವಿರಲಿಲ್ಲ, ನಿಜ. ಆದರೆ ಬಾಡಿಗೆ ಕಟ್ಟುವ, ಸಾಲಕ್ಕೆ ಅಲೆಯುವ, ಮಗಳ ಮದುವೆಯ ಚಿಂತೆ ಮಾಡುವ ಸಾಮಾನ್ಯ ಮುಸ್ಲಿಮ್ ಗೃಹಸ್ಥನಿಗೆ ಅಲ್ಲಿ ಜಾಗ ಕಡಿಮೆಯಿತ್ತು.

ಆ ಜಾಗವನ್ನು ಮಾಡಿಕೊಟ್ಟದ್ದು ಮೈಸೂರಿನವರಾದ ಎಂ.ಎಸ್. ಸತ್ಯು. ಚೀನಾ ಯುದ್ಧದ ಕಥೆಯಿದ್ದ ‘ಹಕೀಕತ್’ (1964) ಚಿತ್ರಕ್ಕೆ ಕಲಾ ನಿರ್ದೇಶನ ಮಾಡಿದ ಅವರೇ 1973ರಲ್ಲಿ ‘ಗರ್ಮ್ ಹವಾ’ ನಿರ್ದೇಶಿಸಿದರು. ಇಸ್ಮತ್ ಚುಗ್ತಾಯಿಯವರ ಅಪ್ರಕಟಿತ ಕಥೆಯೊಂದಕ್ಕೆ ಕೈಫಿ ಆಝ್ಮಿ ಮತ್ತು ಶಮಾ ಝೈದಿ ಚಿತ್ರಕಥೆ ಬರೆದರು. ಸರಕಾರದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಸಾಲ ಕೊಟ್ಟಿತು.

ಮನೆಯಿದ್ದೂ ಇಲ್ಲದವರು

ಗಾಂಧೀಜಿಯ ಹತ್ಯೆಯ ನಂತರದ ಆಗ್ರಾ. ಸಲೀಂ ಮಿರ್ಜಾ ಚಪ್ಪಲಿ, ಬೂಟು ತಯಾರಿಸುವ ಕಾರ್ಖಾನೆಯ ಒಡೆಯ. ಬಂಧುಗಳು ಒಬ್ಬೊಬ್ಬರಾಗಿ ಪಾಕಿಸ್ತಾನದ ರೈಲು ಹತ್ತುತ್ತಿದ್ದರೂ ಆತ ಊರು ಬಿಡಲು ಒಪ್ಪುವುದಿಲ್ಲ. ಪೂರ್ವಜರ ಹವೇಲಿ ಅಣ್ಣನ ಹೆಸರಿನಲ್ಲಿರುತ್ತದೆ. ಅಣ್ಣ ಹೊರಟುಹೋದದ್ದರಿಂದ ಅದು ‘ವಲಸೆ ಹೋದವರ ಆಸ್ತಿ’ಯಾಗುತ್ತದೆ, ಎಲ್ಲಿಗೂ ಹೋಗದ ತಮ್ಮ ಬೀದಿಗೆ ಬೀಳುತ್ತಾನೆ. ವೃದ್ಧ ತಾಯಿ ಹೊರಡುವ ದಿನ ಮನೆಯೊಳಗೇ ಅಡಗಿ ಕೂರುತ್ತಾಳೆ. ಕೊನೆಗೆ ಪಲ್ಲಕ್ಕಿಯಲ್ಲಿ ಅದೇ ಮನೆಗೆ ತಂದಾಗಲೇ ಆಕೆಯ ಪ್ರಾಣ ಹೋಗುತ್ತದೆ.

ಇದು ಕೇವಲ ಕಥೆಗಾರರ ಕಲ್ಪನೆಯಲ್ಲ. ವಲಸೆ ಹೋದವರ ಆಸ್ತಿಗಾಗಿ 1950ರಲ್ಲಿ ಕೇಂದ್ರ ಕಾನೂನು ಬಂದಿತ್ತು. ಅದರ ಉದ್ದೇಶದಲ್ಲಿ ನ್ಯಾಯವೂ ಇತ್ತು, ಅತ್ತಲಿಂದ ಎಲ್ಲವನ್ನೂ ಕಳೆದುಕೊಂಡು ಬಂದವರಿಗೆ ನೆಲೆ ಬೇಕಿತ್ತು. ಹವೇಲಿ ಪಡೆಯುವ ಅಜ್ಮಾನಿ ಕೂಡ ಸಿಂಧ್‌ನಿಂದ ಬಂದ ನಿರಾಶ್ರಿತ, ಮನುಷ್ಯತ್ವ ಉಳ್ಳವನು. ಸತ್ಯು ಯಾರನ್ನೂ ಖಳನಾಯಕನಾಗಿಸುವುದಿಲ್ಲ. ವಿಭಜನೆಯಲ್ಲಿ ರಾವಲ್ಪಿಂಡಿಯ ಮನೆ ಕಳೆದುಕೊಂಡ ಬಲರಾಜ್ ಸಾಹ್ನಿಯೇ ಇಲ್ಲಿ ಆಗ್ರಾ ಬಿಡಲೊಪ್ಪದ ಸಲೀಂ ಮಿರ್ಜಾ ಆಗಿದ್ದಾರೆ. 1973ರ ಏಪ್ರಿಲ್‌ನಲ್ಲಿ ತೀರಿಕೊಂಡ ಅವರಿಗೆ ಚಿತ್ರದ ಬಿಡುಗಡೆ ನೋಡುವ ಭಾಗ್ಯ ದೊರೆಯಲಿಲ್ಲ.

ಮನೆಯ ನಕ್ಷೆಯನ್ನು ಅಣ್ಣನಿಗೆ ಕಳಿಸಿದ್ದಕ್ಕೆ ಸಲೀಂ ಮೇಲೆ ಗೂಢಚಾರಿಕೆಯ ಆರೋಪ ಬರುತ್ತದೆ. ನ್ಯಾಯಾಲಯ ಬಿಡುಗಡೆ ಮಾಡುತ್ತದೆ, ಜನರ ಕಣ್ಣು ಮಾತ್ರ ಬಿಡುಗಡೆ ಮಾಡುವುದಿಲ್ಲ. ಮಗಳನ್ನೂ ಕಳೆದುಕೊಂಡ ಮೇಲೆ ಆತ ಸೋತು ಟಾಂಗಾ ಹತ್ತುತ್ತಾನೆ. ದಾರಿಯಲ್ಲಿ ಕೆಲಸ ಕೇಳುವವರ ಮೆರವಣಿಗೆ ಎದುರಾಗುತ್ತದೆ. ಮಗ ಸಿಕಂದರ್ ಇಳಿದು ಸೇರುತ್ತಾನೆ, ಹೆಂಡತಿಯನ್ನು ಮನೆಗೆ ಕಳಿಸಿ ಸಲೀಂ ಕೂಡ ಸೇರುತ್ತಾನೆ. ದೇಶಪ್ರೇಮದ ಸರ್ಟಿಫಿಕೇಟ್ ತೋರಿಸಿ ಅಲ್ಲ, ಹಕ್ಕು ಕೇಳುತ್ತಾ ಆತ ಈ ದೇಶದವನಾಗುತ್ತಾನೆ.

ಹೆದರಿಕೆಯಿಂದ ಪ್ರಶಸ್ತಿಗೆ

ಕೋಮು ಗಲಭೆಯಾದೀತೆಂಬ ಭಯದಿಂದ ಸೆನ್ಸಾರ್ ಮಂಡಳಿ ಚಿತ್ರವನ್ನು ತಿಂಗಳುಗಟ್ಟಲೆ ತಡೆಹಿಡಿಯಿತು. ಕೊನೆಗೆ 1974ರಲ್ಲಿ ಅದು ತೆರೆಕಂಡದ್ದು ಮೊದಲು ಬೆಂಗಳೂರಿನಲ್ಲಿ ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ. ಗಲಭೆ ಹುಟ್ಟಿಸೀತೆಂದು ಹೆದರಿದ ಅದೇ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಬಂತು!

ಆದರೆ ಜನಪ್ರಿಯ ಸಿನಿಮಾ ಈ ದಾರಿಯಲ್ಲಿ ಬಹಳ ದೂರ ಬರಲಿಲ್ಲ. 1992ರ ಆಗಸ್ಟ್‌ನಲ್ಲಿ ತಮಿಳಿನ ‘ರೋಜಾ’ ಬಂತು, ಹಿಂದಿಗೆ ಡಬ್ ಆಗಿಯೂ ಗೆದ್ದಿತು. ಅದರಲ್ಲಿ ನಾಯಕ ಉರಿಯುವ ರಾಷ್ಟ್ರಧ್ವಜವನ್ನು ತನ್ನ ಮೈಯಿಂದ ಆರಿಸುತ್ತಾನೆ. ನಡುನಡುವೆ ನಮಾಝ್ ಮಾಡುವ ಉಗ್ರನ ಚಿತ್ರ ಬರುತ್ತದೆ. ಅದೇ ಡಿಸೆಂಬರ್ 6ರಂದು ಬಾಬರಿ ಮಸೀದಿ ನೆಲಸಮವಾಯಿತು. ಒಂದಕ್ಕೆ ಇನ್ನೊಂದು ಕಾರಣವೆಂದು ಹೇಳಲಾಗದು. ಆದರೆ ಒಂದೇ ಗಾಳಿ ಎರಡೂ ಕಡೆ ಬೀಸುತ್ತಿತ್ತು. ಮುಂದೆ ‘ಸರ್ಫರೋಶ್’ (1999)ನ ಇನ್ಸ್‌ಪೆಕ್ಟರ್ ಸಲೀಂ, ‘ಚಕ್ ದೇ ಇಂಡಿಯಾ’ (2007)ದ ಕಬೀರ್ ಖಾನ್ ಒಳ್ಳೆಯವರಾಗಿಯೇ ಬಂದರು. ಆದರೆ ಇಬ್ಬರೂ ಮೊದಲು ಪರೀಕ್ಷೆ ಪಾಸಾಗಬೇಕು. ಒಬ್ಬ ಅಪರಾಧಿಯನ್ನು ಹಿಡಿಯಬೇಕು, ಇನ್ನೊಬ್ಬ ವಿಶ್ವಕಪ್ ತರಬೇಕು. ಕಪ್ ತರಲಾಗದ ಕಬೀರ್ ಖಾನ್‌ನ ಗತಿಯೇನು?

‘ಗರ್ಮ್ ಹವಾ’ ಕೇಳಿದ್ದು ಇದನ್ನೇ. ಸಲೀಂ ಮಿರ್ಜಾ ಯಾವ ಸಾಹಸವನ್ನೂ ಮಾಡುವುದಿಲ್ಲ. ಬೂಟು ಹೊಲಿಸುತ್ತಾನೆ, ಸಾಲ ಕೇಳುತ್ತಾನೆ, ಹುಟ್ಟಿದ ಊರಲ್ಲಿ ಸಾಯಲು ಬಯಸುತ್ತಾನೆ. ಅಷ್ಟೇ ಸಾಕು ಎನ್ನುತ್ತದೆ ಚಿತ್ರ. ನಗರಗಳಲ್ಲಿ ಹೆಸರು ಕೇಳಿ ಬಾಡಿಗೆ ಮನೆ ನಿರಾಕರಿಸುವವರು ಇನ್ನೂ ಇರುವಾಗ ಆ ಮಾತು ಹಳತಾಗಿಲ್ಲ. ನಮ್ಮ ಹೊಸ ತಲೆಮಾರು ಈ ಚಿತ್ರವನ್ನು ನೋಡಬೇಕು. ಮುಸ್ಲಿಮರು ಮಾತ್ರವಲ್ಲ, ಅವರಿಗೆ ಮನೆ ಕೊಡಬೇಕಾದವರೂ.