ಕೊಲೆಸ್ಟರಾಲ್: ‘ನಾರ್ಮಲ್’ ಎಂದರೆ ಎಷ್ಟು?

ರಕ್ತಪರೀಕ್ಷೆಯ ವರದಿ ಕೈಗೆ ಬಂದೊಡನೆ ನಮ್ಮ ಕಣ್ಣು ಓಡುವುದು ಬಲತುದಿಯ ಅಂಕಣಕ್ಕೆ. ನಮ್ಮ ಅಂಕಿ ಅಲ್ಲಿ ಅಚ್ಚಾದ ಮಿತಿಯೊಳಗಿದ್ದರೆ ‘ಎಲ್ಲ ನಾರ್ಮಲ್’ ಎಂದು ನೆಮ್ಮದಿಯಿಂದ ಕಾಗದ ಮಡಿಚಿಡುತ್ತೇವೆ. ಆ ಮಿತಿಯನ್ನು ಹಾಕಿದವರು ಯಾರು, ಯಾವ ಆಧಾರದ ಮೇಲೆ ಎಂದು ಕೇಳುವ ಗೋಜಿಗೆ ಹೋಗುವುದಿಲ್ಲ. ಕೊಲೆಸ್ಟರಾಲಿನ ವಿಷಯದಲ್ಲಂತೂ ಕೇಳಲೇಬೇಕು. 1960ರ ದಶಕದ ಅಮೆರಿಕದಲ್ಲಿ ಡೆಸಿಲೀಟರಿಗೆ 280 ಮಿಲಿಗ್ರಾಂ ಇದ್ದವರನ್ನೂ ‘ನಾರ್ಮಲ್’ ಎಂದೇ ಮನೆಗೆ ಕಳಿಸುತ್ತಿದ್ದ ವೈದ್ಯರು ಬಹಳ ಮಂದಿ. ಇಂದು 200 ದಾಟಿದರೆ ಎಚ್ಚರಿಕೆಯ ಮಾತು ಶುರುವಾಗುತ್ತದೆ.

ಈ ವಸ್ತು ಮೊದಲು ಸಿಕ್ಕಿದ್ದು ಪಿತ್ತಕೋಶದ ಕಲ್ಲುಗಳಲ್ಲಿ. ಅದಕ್ಕೆ ಗ್ರೀಕಿನ ‘ಪಿತ್ತ’, ‘ಗಟ್ಟಿ’ ಎಂಬ ಎರಡು ಪದಗಳನ್ನು ಕೂಡಿಸಿ ಹೆಸರಿಟ್ಟವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷೆವ್ರೂಲ್. ಅದು ಹೃದ್ರೋಗದ ಕಥೆಯೊಳಗೆ ಬಂದದ್ದು 1910ರಲ್ಲಿ. ಜಿಡ್ಡುಗಟ್ಟಿದ ಮಹಾಪಧಮನಿಯ ಗೋಡೆಯಲ್ಲಿ ಆರೋಗ್ಯವಂತ ನಾಳಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕೊಲೆಸ್ಟರಾಲ್ ಇದೆಯೆಂದು ಜರ್ಮನಿಯ ವಿಂಡೌಸ್ ತೋರಿಸಿದ. ಆದರೆ ಅದು ರೋಗದ ಕಾರಣವೋ, ರೋಗದ ಫಲವೋ?

ಉತ್ತರ ಹುಡುಕಿದವರು ಸೇಂಟ್ ಪೀಟರ್ಸ್‌ಬರ್ಗಿನ ನಿಕೊಲಾಯ್ ಅನಿಚ್‌ಕೋವ್ ಮತ್ತು ಅವರ ಸಂಗಡಿಗ ಖಲಾತೋವ್. ಶುದ್ಧ ಕೊಲೆಸ್ಟರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಮೊಲಗಳಿಗೆ ತಿನ್ನಿಸಿದರು. ಕೆಲವೇ ತಿಂಗಳಲ್ಲಿ ಅವುಗಳ ರಕ್ತನಾಳಗಳಲ್ಲಿ ಜಿಡ್ಡಿನ ಗಂಟುಗಳೆದ್ದವು. ಬರೀ ಎಣ್ಣೆ ತಿಂದ ಮೊಲಗಳಿಗೆ ಏನೂ ಆಗಲಿಲ್ಲ. ಇದು 1913ರ ವರದಿ. ಅದಾದ ಮೇಲೆ ಬೇರೆಯವರು ನಾಯಿ, ಇಲಿಗಳ ಮೇಲೆ ಇದೇ ಪ್ರಯೋಗ ಮಾಡಿದಾಗ ಗಂಟುಗಳು ಏಳಲಿಲ್ಲ. ಹುಲ್ಲು ತಿನ್ನುವ ಮೊಲದ ಪಾಡು ಮನುಷ್ಯನಿಗೇಕೆ ಎಂದು ವೈದ್ಯಲೋಕ ಕೈಬಿಟ್ಟಿತು. ಆ ಪ್ರಾಣಿಗಳ ರಕ್ತವನ್ನು ಸರಿಯಾಗಿ ಅಳೆದಿದ್ದರೆ ಗುಟ್ಟು ಆಗಲೇ ರಟ್ಟಾಗುತ್ತಿತ್ತು. ನಾಯಿ, ಇಲಿಗಳ ದೇಹ ಹೆಚ್ಚಾದ ಕೊಲೆಸ್ಟರಾಲನ್ನು ಪಿತ್ತರಸಕ್ಕೆ ಬಳಸಿಕೊಂಡುಬಿಡುತ್ತದೆ. ಹಾಗಾಗಿ ಮೊಲದ ರಕ್ತದಲ್ಲಿ ಏರುವಂತೆ ಅವುಗಳ ರಕ್ತದಲ್ಲಿ ಅದು ಏರುವುದಿಲ್ಲ.

ಅಳೆಯುವ ಉಪಾಯ ಇರಲಿಲ್ಲವೆಂದಲ್ಲ. ಲೀಬರ್‌ಮನ್, ಬುರ್ಖಾರ್ಡ್ ಎಂಬಿಬ್ಬರು 1880ರ ದಶಕದಲ್ಲೇ ಕಂಡುಕೊಂಡ ಬಣ್ಣದ ಪರೀಕ್ಷೆ ಇತ್ತು. ಗಂಧಕಾಮ್ಲ ಸೇರಿಸಿದರೆ ದ್ರಾವಣ ಹಸಿರಾಗುತ್ತದೆ. ಹಸಿರು ಗಾಢವಾದಷ್ಟೂ ಕೊಲೆಸ್ಟರಾಲ್ ಹೆಚ್ಚು. ಎನ್‌ಜೈಮ್ ಬಳಸುವ ವಿಧಾನ 1970ರ ದಶಕದಲ್ಲಿ ಬರುವವರೆಗೂ ಎಷ್ಟೋ ಪ್ರಯೋಗಾಲಯಗಳ ಆಸರೆ ಈ ಹಸಿರೇ.

ಆ ಅಂಕಿಗೂ ಹೃದಯಾಘಾತಕ್ಕೂ ಇರುವ ನಂಟನ್ನು ಮನುಷ್ಯರಲ್ಲೇ ತೋರಿಸಿದ್ದು ಬೋಸ್ಟನ್ ಸಮೀಪದ ಫ್ರೇಮಿಂಗ್‌ಹ್ಯಾಮ್ ಎಂಬ ಊರು. 1948ರಲ್ಲಿ ಆರಂಭವಾದ ಅಧ್ಯಯನಕ್ಕೆ ಅಲ್ಲಿನ 5,209 ಗಂಡಸರು, ಹೆಂಗಸರು ಸೇರಿದರು. ಎರಡು ವರ್ಷಕ್ಕೊಮ್ಮೆ ಅವರ ತಪಾಸಣೆ. ಯಾರಿಗೆ ಹೃದ್ರೋಗ ಬಂತು, ಬರುವ ಮೊದಲು ಅವರ ರಕ್ತ ಹೇಗಿತ್ತು ಎಂದು ಕಾದು ನೋಡುವುದೇ ಕೆಲಸ. ಕೊಲೆಸ್ಟರಾಲ್ ಮತ್ತು ರಕ್ತದೊತ್ತಡ ಹೆಚ್ಚಿದ್ದವರಿಗೆ ಅಪಾಯವೂ ಹೆಚ್ಚು ಎಂಬುದು 1961ರ ಹೊತ್ತಿಗೆ ಸ್ಪಷ್ಟವಾಯಿತು. ಅದಕ್ಕಿಂತ ಮುಖ್ಯ ಸಂಗತಿ ಇನ್ನೊಂದಿದೆ. ಇಲ್ಲಿಯವರೆಗೆ ಕ್ಷೇಮ, ಇಲ್ಲಿಂದಾಚೆ ಅಪಾಯ ಎಂಬ ಗೆರೆ ಎಲ್ಲೂ ಕಾಣಲಿಲ್ಲ. ಏರುದಾರಿಯಂತೆ ಅಪಾಯ ಮೆಲ್ಲನೆ ಏರುತ್ತಲೇ ಇತ್ತು.

ಹಾಗಾದರೆ 280 ಎಲ್ಲಿಂದ ಬಂತು? ಆರೋಗ್ಯವಾಗಿ ಕಾಣುವವರ ರಕ್ತ ಅಳೆದು, ತೀರಾ ಕಡಿಮೆಯ ಹಾಗೂ ತೀರಾ ಹೆಚ್ಚಿನ ಕೆಲವರನ್ನು ಬಿಟ್ಟು, ಉಳಿದವರದ್ದು ‘ನಾರ್ಮಲ್’ ಎನ್ನುವುದು ಅಂದಿನ ರೂಢಿ. ಊರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದು ಎಲ್ಲರ ಹಲ್ಲೂ ಕಂದುಗಟ್ಟಿದ್ದರೆ ಆ ಊರಿಗೆ ಕಂದು ಹಲ್ಲೇ ನಾರ್ಮಲ್! ಹೃದ್ರೋಗವೇ ಸಾವಿಗೆ ಮೊದಲ ಕಾರಣವಾಗಿದ್ದ ದೇಶದಲ್ಲಿ ಸರಾಸರಿಯನ್ನು ಆರೋಗ್ಯವೆಂದು ಬಗೆದದ್ದು ಇಂಥದೇ ತಪ್ಪು. 1958ರಿಂದ ಏಳು ದೇಶಗಳಲ್ಲಿ ನಡೆದ ಆನ್ಸೆಲ್ ಕೀಸ್ ಅವರ ಅಧ್ಯಯನದಲ್ಲಿ ಜಪಾನಿನ ಹಳ್ಳಿಗರ ಸರಾಸರಿ ಸುಮಾರು 160 ಇತ್ತು. ಪೂರ್ವ ಫಿನ್ಲೆಂಡಿನವರದು 260ರ ಆಸುಪಾಸು. ಹೃದಯಾಘಾತ ವಿರಳವಾಗಿದ್ದದ್ದು ಜಪಾನಿನಲ್ಲಿ. ಕೀಸ್ ದೇಶಗಳನ್ನು ಆರಿಸಿದ ರೀತಿಗೆ ಆಕ್ಷೇಪಗಳಿವೆ, ಇರಲಿ. ಒಂದು ಜನದ ಸರಾಸರಿ ಇನ್ನೊಂದು ಜನದ್ದಲ್ಲ ಎಂಬುದಂತೂ ಕಣ್ಣಿಗೆ ಕಂಡಿತು. 200ರೊಳಗೆ ಇರಬೇಕು, 240 ದಾಟಿದರೆ ಹೆಚ್ಚು ಎಂಬ ಅಮೆರಿಕದ ಮಾರ್ಗಸೂಚಿ ಪ್ರಕಟವಾದದ್ದು 1988ರಲ್ಲಿ.

ಅಷ್ಟರಲ್ಲಿ ಒಂದೇ ಅಂಕಿ ಸಾಲದು ಎಂಬುದೂ ತಿಳಿದಿತ್ತು. ಜಿಡ್ಡು ನೀರಿನಲ್ಲಿ ಕರಗದ್ದರಿಂದ ಕೊಲೆಸ್ಟರಾಲ್ ಪ್ರೋಟೀನಿನ ಕಣಗಳನ್ನೇರಿ ರಕ್ತದಲ್ಲಿ ಸಾಗುತ್ತದೆ. ಬರ್ಕ್‌ಲಿಯ ಜಾನ್ ಗಾಫ್‌ಮನ್ 1950ರ ಸುಮಾರಿಗೆ, ಮೊಸರು ಕಡೆದು ಬೆಣ್ಣೆ ತೇಲಿಸುವಂತೆ, ಅತಿವೇಗದ ಯಂತ್ರದಲ್ಲಿ ರಕ್ತದ್ರವವನ್ನು ಗಿರಗಿರನೆ ತಿರುಗಿಸಿ ಈ ಕಣಗಳನ್ನು ಬೇರ್ಪಡಿಸಿದರು. ನಾಳಕ್ಕೆ ಅಂಟುವ ಎಲ್‌ಡಿಎಲ್, ಅಷ್ಟು ಕೇಡಿಲ್ಲದ ಎಚ್‌ಡಿಎಲ್ ಎಂಬ ಭೇದ ಸ್ಪಷ್ಟವಾದದ್ದು ಈ ದಾರಿಯಲ್ಲಿ. ಅಂಥ ಯಂತ್ರ ಬೀದಿಬೀದಿಯ ಲ್ಯಾಬಿನಲ್ಲಿ ಇರುವುದು ಸಾಧ್ಯವೇ? 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಸುಲಭದ ಲೆಕ್ಕ ಕೊಟ್ಟರು. ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡಿನ ಐದರಲ್ಲೊಂದು ಭಾಗವನ್ನೂ ಕಳೆಯಿರಿ, ಉಳಿದದ್ದೇ ಎಲ್‌ಡಿಎಲ್. ಇಂದಿಗೂ ಅನೇಕ ವರದಿಗಳಲ್ಲಿನ ಎಲ್‌ಡಿಎಲ್ ಅಳೆದದ್ದಲ್ಲ, ಹೀಗೆ ಕಳೆದು ಬಂದದ್ದು. ಉಂಡ ಮೇಲೆ ಟ್ರೈಗ್ಲಿಸರೈಡ್ ಏರಿ ಲೆಕ್ಕ ತಪ್ಪುತ್ತದೆ, ಅದಕ್ಕೇ ಖಾಲಿ ಹೊಟ್ಟೆಯಲ್ಲಿ ಬರಹೇಳುವುದು. ಟ್ರೈಗ್ಲಿಸರೈಡ್ 400 ಮೀರಿದರಂತೂ ಈ ಲೆಕ್ಕ ನಿಲ್ಲುವುದೇ ಇಲ್ಲ.

ಗೆರೆ ಈಗಲೂ ಸರಿಯುತ್ತಿದೆ. 1994ರಲ್ಲಿ, ಹೃದ್ರೋಗವಿದ್ದ 4,444 ಜನರ ಮೇಲೆ ನಡೆದ ಸ್ಕ್ಯಾಂಡಿನೇವಿಯಾದ ಪ್ರಯೋಗ ಸ್ಟ್ಯಾಟಿನ್ ಮಾತ್ರೆಯಿಂದ ಸಾವು 30ರಷ್ಟು ಶೇಕಡ ಇಳಿಯಿತೆಂದು ತೋರಿಸಿತು. ಅಂಥ ರೋಗಿಗಳಿಗೆ ಎಲ್‌ಡಿಎಲ್ 100ಕ್ಕೆ ಇಳಿಯಬೇಕು ಎನ್ನುತ್ತಿದ್ದವರು 2004ರಲ್ಲಿ 70 ಎಂದರು. 2019ರಲ್ಲಿ ಯೂರೋಪಿನ ತಜ್ಞರು 55 ಎಂದರು. ಲ್ಯಾಬಿನ ಚೀಟಿಗೆ ಮಾತ್ರ ರೋಗಿ ಯಾರೆಂದು ಗೊತ್ತಿಲ್ಲ. ಒಮ್ಮೆ ಹೃದಯಾಘಾತವಾದವರ ಎಲ್‌ಡಿಎಲ್ 95 ಇದ್ದರೆ ಬಲತುದಿಯ ಅಂಕಣ ‘ನಾರ್ಮಲ್’ ಎನ್ನುತ್ತದೆ, ಡಾಕ್ಟರು ಮಾತ್ರೆ ಹೆಚ್ಚಿಸಿ ಬರೆಯುತ್ತಾರೆ.