ಮೂರ್ಛೆಗೆ ಎರವಲು ಮದ್ದು

ತಾಂಡೂರಿನ ಸಂತೆಯಲ್ಲಾಗಲಿ, ಜಹೀರಾಬಾದಿನ ಬಸ್‌ಸ್ಟ್ಯಾಂಡಿನಲ್ಲಾಗಲಿ ಯಾರಾದರೂ ಫಿಟ್ಸ್ ಬಂದು ಬಿದ್ದರೆ ಜನ ಮೊದಲು ಹುಡುಕುವುದು ಕಬ್ಬಿಣ. ಒಬ್ಬರು ಚಾವಿ ಗೊಂಚಲು ತಂದು ಬಿಗಿದ ಮುಷ್ಟಿಯೊಳಗೆ ತುರುಕುತ್ತಾರೆ. ಇನ್ನೊಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ. ಅದೂ ಇಲ್ಲದಿದ್ದರೆ ಕಾಲಲ್ಲಿರುವ ಚಪ್ಪಲಿಯಾದರೂ ಆಯಿತು. ಎರಡು ಮೂರು ನಿಮಿಷದಲ್ಲಿ ಸೆಳೆತ ನಿಲ್ಲುತ್ತದೆ. ಹೆಚ್ಚಿನ ಸೆಳೆತಗಳು ತಾವಾಗಿಯೇ ನಿಲ್ಲುವುದು ಅಷ್ಟೇ ಹೊತ್ತಿಗೆ, ಆದರೆ ಹೆಸರು ಬರುವುದು ಚಾವಿಗೆ.

ಈ ನಂಬಿಕೆಗೆ ಗಡಿಯಿಲ್ಲ. ಗಡಿ ಬಂದದ್ದು 1956ರ ನವೆಂಬರ್ 1ರಂದು. ಅಲ್ಲಿಯವರೆಗೆ ತಾಂಡೂರು ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕು. ಜಹೀರಾಬಾದ್ ಮತ್ತು ನಾರಾಯಣಖೇಡ್ ಬೀದರ್ ಜಿಲ್ಲೆಯವು. ರಾಜ್ಯ ಪುನರ್ವಿಂಗಡಣೆಯಲ್ಲಿ ಮೂರೂ ಆಂಧ್ರಪ್ರದೇಶಕ್ಕೆ ಹೋದವು. ಜಹೀರಾಬಾದ್ ತಾಲ್ಲೂಕಿನ ನಿರ್ಣಾ ಭಾಗ ಮಾತ್ರ ಬೀದರಿನಲ್ಲೇ ಉಳಿಯಿತು. ಇಂದು ತಾಂಡೂರು ತೆಲಂಗಾಣದ ವಿಕಾರಾಬಾದ್ ಜಿಲ್ಲೆಯಲ್ಲಿದೆ, ಉಳಿದೆರಡು ಸಂಗಾರೆಡ್ಡಿ ಜಿಲ್ಲೆಯಲ್ಲಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಅಂಗಡಿಯಲ್ಲಿ ದಖನಿ ಆಡುವ ಜನರಿಗೆ ಮದ್ದಿನ ದಾರಿಗಳೂ ಹಲವಿದ್ದವು. ಹಳ್ಳಿಯ ನಾಟಿ ವೈದ್ಯ ಒಂದು ಕಡೆ, ನಿಜಾಮರ ಆಶ್ರಯದಲ್ಲಿ ಬೆಳೆದ ಯುನಾನಿ ಹಕೀಮರು ಇನ್ನೊಂದು ಕಡೆ. 1846ರಲ್ಲಿ ಹೈದರಾಬಾದಿನಲ್ಲಿ ಶುರುವಾದ ವೈದ್ಯಶಾಲೆಯಿಂದ ಹೊರಬಂದ ಡಾಕ್ಟರರು ಮತ್ತೊಂದು ಕಡೆ. 1874ರಲ್ಲಿ ವಾಡಿ–ಸಿಕಂದರಾಬಾದ್ ರೈಲು ಬಂದ ಮೇಲೆ ತಾಂಡೂರಿನವರಿಗೆ ಹೈದರಾಬಾದು ಹತ್ತಿರವಾಯಿತು. ಇವೆಲ್ಲ ಕೈಕೊಟ್ಟರೆ ಝರಾಸಂಗಮದ ಕೇತಕಿ ಸಂಗಮೇಶ್ವರನಿದ್ದಾನೆ. ಅಲ್ಲಿಯ ಹೊಂಡದಲ್ಲಿ ಮಿಂದ ಕುಪೇಂದ್ರ ರಾಜನ ಚರ್ಮರೋಗ ವಾಸಿಯಾಯಿತೆಂಬ ಸ್ಥಳಪುರಾಣವನ್ನು ಕೇಳದವರು ಆ ಸೀಮೆಯಲ್ಲಿ ಕಡಿಮೆ.

ಮೂರ್ಛೆಯ ಮದ್ದಿನ ಹುಡುಕಾಟ ಸಕ್ಕರೆ ಕಾಯಿಲೆಯ ಬಾಗಿಲನ್ನೂ ತಟ್ಟಿದೆ. ಆ ಕಾಯಿಲೆ ಮತ್ತು ಮೂರ್ಛೆರೋಗ ಎರಡೂ ನಮ್ಮಲ್ಲಿ ಬಹಳ ಹಿಂದೆಯೇ ಗುರುತಾದ ಬೇನೆಗಳು. ಚರಕಸಂಹಿತೆಯ ನಿದಾನಸ್ಥಾನದಲ್ಲಿರುವುದು ಎಂಟೇ ಅಧ್ಯಾಯ. ನಾಲ್ಕನೆಯದು ಪ್ರಮೇಹ, ಎಂಟನೆಯದು ಅಪಸ್ಮಾರ. ಒಂದೇ ಪುಸ್ತಕದ ಒಂದೇ ಭಾಗದಲ್ಲಿದ್ದರೂ ಒಂದರ ಮದ್ದು ಇನ್ನೊಂದಕ್ಕೆ ಆದೀತೇ ಎಂಬ ಪ್ರಶ್ನೆ ಏಳಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು.

ಪ್ರಶ್ನೆ ವಿಚಿತ್ರವೆನಿಸಬಹುದು. ಆದರೆ ಮೂರ್ಛೆಯ ಔಷಧಗಳ ಚರಿತ್ರೆ ತೆಗೆದರೆ ಮುಖ್ಯವಾದವುಗಳಲ್ಲಿ ಎಷ್ಟೋ ಎರವಲು ಬಂದವೇ. 1857ರಲ್ಲಿ ಲಂಡನ್ನಿನ ವೈದ್ಯರ ಸಭೆಯೊಂದರಲ್ಲಿ ಪೊಟ್ಯಾಸಿಯಂ ಬ್ರೋಮೈಡಿನಿಂದ ಫಿಟ್ಸ್ ತಗ್ಗಿತೆಂದು ಎದ್ದು ಹೇಳಿದ ಚಾರ್ಲ್ಸ್ ಲೊಕಾಕ್, ವಿಕ್ಟೋರಿಯಾ ರಾಣಿಯ ಹೆರಿಗೆ ವೈದ್ಯ. ಕಾಮಾತಿರೇಕವೇ ಮೂರ್ಛೆಗೆ ಮೂಲ ಎಂಬ ಅಂದಿನ ತಪ್ಪು ನಂಬಿಕೆಯಿಂದ ಆತ ಕಾಮಶಮನದ ಆ ಉಪ್ಪನ್ನು ಕೊಟ್ಟಿದ್ದ. ಕಾರಣ ಸುಳ್ಳು, ಗುಣ ನಿಜ. 1912ರಲ್ಲಿ ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್ ಎಂಬ ಎಳೆಯ ಡಾಕ್ಟರು ರೋಗಿಗಳು ರಾತ್ರಿ ಶಾಂತವಾಗಿ ಮಲಗಲಿ ಎಂದು ಹೊಸ ನಿದ್ದೆಮಾತ್ರೆ ಕೊಟ್ಟ. ನಿದ್ದೆಯೂ ಬಂತು, ಹಗಲಿನ ಸೆಳೆತವೂ ಇಳಿಯಿತು. ಅದೇ ಫಿನೋಬಾರ್ಬಿಟಾಲ್. ಗಾರ್ಡಿನಾಲ್ ಎಂಬ ಹೆಸರಿನಲ್ಲಿ ನಮ್ಮ ಔಷಧಿ ಅಂಗಡಿಗಳಿಗೂ ಬಂತು. ವಾಲ್‌ಪ್ರೋಯಿಕ್ ಆಮ್ಲವಂತೂ 1882ರಲ್ಲೇ ತಯಾರಾಗಿ, ಬೇರೆ ರಾಸಾಯನಿಕಗಳನ್ನು ಕರಗಿಸುವ ದ್ರವವಾಗಿ ಎಂಬತ್ತು ವರ್ಷ ಕಪಾಟಿನಲ್ಲಿತ್ತು. 1962ರಲ್ಲಿ ಫ್ರಾನ್ಸಿನ ಪಿಯೆರ್ ಎಮಾರ್ ತಾನು ಪರೀಕ್ಷಿಸಿದ ಮದ್ದುಗಳೆಲ್ಲ ಸೆಳೆತ ತಡೆಯುವುದನ್ನು ಕಂಡು ಬೆರಗಾದ. ತಡೆಯುತ್ತಿದ್ದುದು ಮದ್ದುಗಳಲ್ಲ, ಅವುಗಳನ್ನು ಕರಗಿಸಿದ ದ್ರವ.

ಕರ್ನಾಟಕಕ್ಕೂ ತನ್ನದೇ ಆದ ಒಂದು ಎರವಲಿನ ಕತೆಯಿದೆ. ಹಂಡೆಯ ಬಿಸಿನೀರನ್ನು ತಂಬಿಗೆಯ ಮೇಲೆ ತಂಬಿಗೆ ತಲೆಗೆ ಸುರಿದುಕೊಳ್ಳುವಾಗ ಕೆಲವರಿಗೆ ಕಣ್ಣು ಮಂಜಾಗಿ, ಪ್ರಜ್ಞೆ ತಪ್ಪಿ, ಸೆಳೆತ ಬರುತ್ತದೆ. ಬೆಂಗಳೂರಿನ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಈ ‘ಬಿಸಿನೀರು ಮೂರ್ಛೆ’ಯ ಬಗ್ಗೆ ಬರೆದರು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ತಂಡ 1988ರಲ್ಲಿ ಇಂಥ 279 ರೋಗಿಗಳ ವಿವರ ಪ್ರಕಟಿಸಿತು. ನೀರಿನ ಬಿಸಿ ತಗ್ಗಿಸುವುದು ಮೊದಲ ಉಪಾಯ. ಅದು ಸಾಲದಿದ್ದರೆ ತಲೆಸ್ನಾನಕ್ಕೆ ಒಂದೂವರೆ ಎರಡು ತಾಸು ಮುಂಚೆ ಕ್ಲೋಬಜಾಮ್ ನುಂಗುವುದು. ಕ್ಲೋಬಜಾಮ್ ಮೊದಲು ಬಳಕೆಗೆ ಬಂದದ್ದು ಮನಸ್ಸಿನ ಆತಂಕ ಕಳೆಯುವ ಮಾತ್ರೆಯಾಗಿ.

ಸಕ್ಕರೆ ಕಾಯಿಲೆಯ ಕಡೆಯಿಂದ ಮೊದಲ ಎರವಲು ಬಂದದ್ದು 1921ರಲ್ಲಿ, ಊಟದ ರೂಪದಲ್ಲಿ. ಇನ್ನೂ ಇನ್ಸುಲಿನ್ ಬಂದಿರಲಿಲ್ಲ. ಮಧುಮೇಹಿಗಳನ್ನು ಅರೆಹೊಟ್ಟೆಯಲ್ಲಿ ಇಡುವುದೇ ಚಿಕಿತ್ಸೆಯಾಗಿದ್ದ ಕಾಲ. ಉಪವಾಸವಿದ್ದಾಗ ಮೂರ್ಛೆ ತಗ್ಗುತ್ತದೆಂಬುದು ವೈದ್ಯರಿಗೆ ಗೊತ್ತಿತ್ತು, ಆದರೆ ಮಗುವನ್ನು ಎಷ್ಟು ದಿನ ಉಪವಾಸ ಕೆಡವುವುದು? ಅಮೆರಿಕದ ಮೇಯೊ ಕ್ಲಿನಿಕ್ಕಿನ ಮಧುಮೇಹ ತಜ್ಞ ರಸೆಲ್ ವೈಲ್ಡರ್ ಒಂದು ದಾರಿ ಹೇಳಿದ. ಅನ್ನ, ರೊಟ್ಟಿ, ಬೆಲ್ಲ ಬಹುತೇಕ ಬಿಟ್ಟು ಬೆಣ್ಣೆ, ಕೆನೆಯಂಥ ಕೊಬ್ಬನ್ನೇ ತಿನ್ನಿಸಿದರೆ, ಉಪವಾಸದಲ್ಲಿ ರಕ್ತಕ್ಕೆ ಬರುವ ಕೀಟೋನುಗಳು ಊಟ ಮಾಡಿದರೂ ಬರುತ್ತವೆ ಎಂದ. ಈ ಕೀಟೋಜೆನಿಕ್ ಆಹಾರ ಮಾತ್ರೆಗೆ ಬಗ್ಗದ ಮಕ್ಕಳ ಫಿಟ್ಸ್‌ಗೆ ಇಂದೂ ವೈದ್ಯರ ನಿಗಾದಲ್ಲಿ ನಡೆಯುತ್ತಿದೆ. ಮೆದುಳಿಗೆ ಸಿಗುವ ಇಂಧನ ಬದಲಾದರೆ ಸೆಳೆತವೂ ಬದಲಾಗುತ್ತದೆ ಎಂಬ ಸುಳಿವು ಹೀಗೆ ಸಿಕ್ಕಿತು.

ಎರಡನೆಯ ಎರವಲು ಮೆಟ್‌ಫಾರ್ಮಿನ್. ಶುಗರ್ ಇರುವ ಹೆಚ್ಚುಕಡಿಮೆ ಪ್ರತಿ ಮನೆಯ ಡಬ್ಬಿಯಲ್ಲೂ ಇರುವ ಈ ಬಿಳಿ ಗುಳಿಗಿಯೇ ಊರೂರು ಅಲೆದು ಬಂದದ್ದು. ಇದರ ಮೂಲದ ಎಳೆ ಯುರೋಪಿನ ಗಲೇಗಾ ಎಂಬ ಗಿಡದಲ್ಲಿದೆ. 1922ರಲ್ಲಿ ಡಬ್ಲಿನ್ನಿನಲ್ಲಿ ತಯಾರಾಗಿ ಮೂಲೆ ಸೇರಿತು. ಮುಂದೆ ಫಿಲಿಪೈನ್ಸಿನ ಡಾಕ್ಟರು ಯುಸೇಬಿಯೊ ಗಾರ್ಸಿಯಾ ಇದನ್ನು ಫ್ಲೂ ಜ್ವರಕ್ಕೆ ಕೊಟ್ಟು, ರಕ್ತದ ಸಕ್ಕರೆ ಇಳಿಯುವುದನ್ನು ಗಮನಿಸಿದ. 1957ರಲ್ಲಿ ಪ್ಯಾರಿಸಿನ ಜಾನ್ ಸ್ಟೆರ್ನ್ ಇದನ್ನು ಸಕ್ಕರೆ ಕಾಯಿಲೆಯ ಮದ್ದಾಗಿ ನಿಲ್ಲಿಸಿದ.

ಮೂರ್ಛೆಯ ಕಡೆಗೆ ಇದರ ದಾರಿ ಸ್ಪಷ್ಟವಾಗಿ ಕಾಣುವುದು ಲಫೋರಾ ಕಾಯಿಲೆಯಲ್ಲಿ. ಸ್ಪೇನಿನ ಗೊನ್ಸಾಲೊ ಲಫೋರಾ 1911ರಲ್ಲಿ ವಿವರಿಸಿದ ಈ ಅಪರೂಪದ ವಂಶವಾಹಿ ರೋಗ ಹದಿವಯಸ್ಸಿನಲ್ಲಿ ಫಿಟ್ಸ್ ಆಗಿ ಶುರುವಾಗುತ್ತದೆ. ಬರಬರುತ್ತ ಬುದ್ಧಿಯನ್ನೂ ನಡಿಗೆಯನ್ನೂ ಕಸಿದು, ಸಾಮಾನ್ಯವಾಗಿ ಹತ್ತು ವರ್ಷದೊಳಗೆ ಜೀವ ತೆಗೆಯುತ್ತದೆ. ಸರಿಯಾಗಿ ಕಟ್ಟಿಕೊಳ್ಳದ ಗ್ಲೈಕೋಜನ್, ಅಂದರೆ ದೇಹ ಕೂಡಿಡುವ ಸಕ್ಕರೆಯ ಸರಪಳಿ, ಮೆದುಳಿನ ಜೀವಕೋಶಗಳಲ್ಲಿ ಉಂಡೆಗಟ್ಟುವುದೇ ಇಲ್ಲಿಯ ಕೇಡು. ನಿಮ್ಹಾನ್ಸ್‌ನ ಡಾ. ಸತೀಶ್ಚಂದ್ರ, ಡಾ. ಎಸ್.ಕೆ. ಶಂಕರ್ ಅವರು ಐಐಟಿ ಕಾನ್ಪುರದ ಪ್ರೊ. ಸುಬ್ರಮಣಿಯಂ ಗಣೇಶ್ ತಂಡದೊಡನೆ ಸೇರಿ, ಭಾರತೀಯ ಕುಟುಂಬಗಳಲ್ಲಿ ಈ ರೋಗ ತರುವ ಜೀನ್ ದೋಷಗಳನ್ನು 2008ರಲ್ಲಿ ಪ್ರಕಟಿಸಿದರು. ಸ್ಪೇನಿನ ಸಂಶೋಧಕರು ಈ ರೋಗವಿರುವ ಇಲಿಗಳಿಗೆ ಮೆಟ್‌ಫಾರ್ಮಿನ್ ಕೊಟ್ಟಾಗ ಉಂಡೆಗಳೂ ಸೆಳೆತದ ಒಲವೂ ತಗ್ಗಿದವು. 2016ರಲ್ಲಿ ಯುರೋಪಿನ ಔಷಧ ಪ್ರಾಧಿಕಾರ ಲಫೋರಾಗೆ ಮೆಟ್‌ಫಾರ್ಮಿನ್ನನ್ನು ‘ಅನಾಥ ಔಷಧ’ ಎಂದು ಗುರುತಿಸಿತು. ವಿರಳ ರೋಗದ ಮದ್ದಿನ ಸಂಶೋಧನೆಗೆ ಇದು ಪ್ರೋತ್ಸಾಹವೇ ಹೊರತು, ಮದ್ದು ಫಲಿಸಿತೆಂಬ ಪ್ರಮಾಣಪತ್ರವಲ್ಲ.

ಸಾಮಾನ್ಯ ಮೂರ್ಛೆಯ ವಿಷಯದಲ್ಲೂ ಪ್ರಾಣಿಗಳ ಮೇಲಿನ ಪ್ರಯೋಗ ಆಸೆ ಹುಟ್ಟಿಸಿದೆ. ಜೀವಕೋಶ ಇಂಧನವನ್ನು ಹೇಗೆ ಬಳಸಬೇಕೆಂದು ನಿಯಂತ್ರಿಸುವ ಎಎಂಪಿಕೆ ಎಂಬ ಕಿಣ್ವವನ್ನು ಮೆಟ್‌ಫಾರ್ಮಿನ್ ಎಚ್ಚರಿಸುತ್ತದೆ, ಮೆದುಳಿನ ಉರಿಯೂತವನ್ನೂ ತಗ್ಗಿಸುತ್ತದೆ. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲಿ ಸಾಬೀತಾಗುವವರೆಗೆ ಇದು ಮೂರ್ಛೆಯ ಮದ್ದಲ್ಲ. ಬ್ರೋಮೈಡಿಗೂ ಗಾರ್ಡಿನಾಲಿಗೂ ಹೆಸರು ಬಂದದ್ದು ರೋಗಿಗಳಲ್ಲಿ ಫಲ ಕಂಡ ಮೇಲೆಯೇ.

ಅಷ್ಟರಲ್ಲಿ ಕೈಯಲ್ಲಿರುವ ಮದ್ದಾದರೂ ಊರು ಮುಟ್ಟಬೇಕಲ್ಲ! ಡಾ. ಮಣಿ ಅವರ ತಂಡ ಯಳಂದೂರಿನ ಹಳ್ಳಿಗಳಲ್ಲಿ ಅಗ್ಗದ ಫಿನೋಬಾರ್ಬಿಟಾಲ್, ಫಿನಿಟಾಯಿನ್‌ಗಳಿಂದಲೇ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ತೋರಿಸಿತು. ಆ ವರದಿ 2001ರಲ್ಲಿ ವೈದ್ಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರರಲ್ಲಿ ಎಪ್ಪತ್ತು ಮಂದಿಯವರೆಗೆ ಫಿಟ್ಸ್ ಇಲ್ಲದೆ ಬದುಕಬಲ್ಲರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮದುವೆಗೆ ಮೂರ್ಛೆರೋಗ ಅಡ್ಡಿ ಎಂಬ ಮಾತನ್ನು ಹಿಂದೂ ವಿವಾಹ ಕಾಯ್ದೆಯಿಂದಲೇ 1999ರಲ್ಲಿ ತೆಗೆದುಹಾಕಲಾಗಿದೆ. ಸಂಬಂಧ ಕುದುರಿಸುವ ಮನೆಗಳಿಗೆ ಆ ಸುದ್ದಿ ಇನ್ನೂ ಪೂರ್ತಿ ತಲುಪಿಲ್ಲ.

ಹಾಗಾಗಿ ಅಜ್ಜನ ಶುಗರ್ ಗುಳಿಗಿಯನ್ನು ಮೊಮ್ಮಗನ ಫಿಟ್ಸ್‌ಗೆ ಕೊಡಬೇಡಿ. ಡಾಕ್ಟರು ಬರೆದ ಫಿಟ್ಸ್ ಮಾತ್ರೆಯನ್ನು ನಡುವೆ ನಿಲ್ಲಿಸಬೇಡಿ. ಸೆಳೆತ ಬಂದವರನ್ನು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ಹಾಕದೆ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಬೀದರೋ, ಕಲಬುರಗಿಯೋ, ಸಂಗಾರೆಡ್ಡಿಯೋ, ಯಾವ ರಾಜ್ಯದ್ದಾದರೂ ಸರಿ, ಹತ್ತಿರದ ಆಸ್ಪತ್ರೆಗೆ ಒಯ್ಯಿರಿ.