ಬಿಸಿಲೂರುಗಳ ಬೀದಿಯಲ್ಲಿ 1492

ಸ್ಪೇನ್, ಪೋರ್ಚುಗಲ್ ಎಂದರೆ ನಮ್ಮ ಟೂರಿನವರ ಕರಪತ್ರಗಳಲ್ಲಿ ನೀಲಿ ಆಕಾಶ, ಸುಣ್ಣ ಬಳಿದ ಗೋಡೆ, ಬೀದಿಯ ಎರಡೂ ಬದಿ ಕಿತ್ತಳೆ ಮರ. ಅದೇನೂ ಸುಳ್ಳಲ್ಲ. ನಾನು ಮತ್ತು ನನ್ನ ಹೆಂಡತಿ ಒಂಬತ್ತು ದಿನಗಳಲ್ಲಿ ಗ್ರನಾಡ, ಕಾರ್ಡೊಬಾ, ಸೆವಿಲ್, ಲಿಸ್ಬನ್ ಎಂಬ ನಾಲ್ಕು ಊರುಗಳನ್ನು ನೋಡಿ ಬಂದೆವು. ಬಿಸಿಲು ಕುಮಟಾದ ಫೆಬ್ರವರಿಯಂತಿತ್ತು, ಬೆವರೊಂದು ಇರಲಿಲ್ಲ. ಆದರೆ ಪ್ರತಿ ಊರಿನಲ್ಲೂ ಗೈಡುಗಳ ಬಾಯಲ್ಲಿ ಒಂದೇ ಇಸವಿ ಮತ್ತೆ ಮತ್ತೆ ಬರುತ್ತಿತ್ತು: 1492. ಶಾಲೆಯಲ್ಲಿ ನಾವು ಕೊಲಂಬಸ್ ಹಡಗು ಹತ್ತಿದ ವರ್ಷವೆಂದು ಉರು ಹೊಡೆದ ಇಸವಿ. ಅದೇ ವರ್ಷದಿಂದ ಹೊರಟ ಒಂದು ಎಳೆ ಸುತ್ತಿ ಬಳಸಿ ನಮ್ಮ ಮನೆಯಂಗಳದವರೆಗೂ ಬರುತ್ತದೆ. ಬರೆಯಹೊರಟಿರುವುದು ಆ ಎಳೆಯ ಬಗ್ಗೆಯೇ ಹೊರತು ಪ್ರವಾಸದ ಬಗ್ಗೆಯಲ್ಲ.

ಮೊದಲು ಗ್ರನಾಡ. ಅಲ್‌ಹಂಬ್ರಾ ಅಂದರೆ ಕೆಂಪಿನದು, ಕೆಮ್ಮಣ್ಣಿನ ಕೋಟೆ. ಒಳಗಿನ ನಾಸ್ರಿದ್ ಅರಮನೆಗಳಿಗೆ ಟಿಕೇಟಿನಲ್ಲಿ ಗಂಟೆ ನಮೂದಿಸಿರುತ್ತಾರೆ, ತಡವಾದರೆ ಬಿಡುವುದಿಲ್ಲ. ಹನ್ನೆರಡು ಸಿಂಹಗಳು ಹೊತ್ತ ಕಾರಂಜಿ, ಜೇನುಗೂಡಿನಂಥ ಛಾವಣಿ, ಡಾರೊ ನದಿಯಿಂದ ಕಾಲುವೆ ತೋಡಿ ಗುಡ್ಡದ ಮೇಲೆ ತಂದ ನೀರು. ನೀರನ್ನು ಇಷ್ಟು ಮರ್ಯಾದೆಯಿಂದ ನಡೆಸಿಕೊಂಡ ಕಟ್ಟಡವನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದರ ಮಗ್ಗುಲಲ್ಲೇ ಐದನೇ ಚಾರ್ಲ್ಸ್ ದೊರೆ 1527ರಲ್ಲಿ ಕಟ್ಟಲು ತೊಡಗಿದ ಇನ್ನೊಂದು ಅರಮನೆ ಕೂತಿದೆ; ಹೊರಗೆ ಚೌಕ, ಒಳಗೆ ದುಂಡನೆಯ ಅಂಗಳ. ಕೆಟ್ಟ ಕಟ್ಟಡವೇನಲ್ಲ. ಆದರೆ ಬೇರೆಯವರ ಮನೆಯ ಚಾವಡಿಯಲ್ಲಿ ಕಾಲು ಚಾಚಿ ಕೂತ ನೆಂಟನಂತಿದೆ.

1492ರ ಜನವರಿ 2ರಂದು ಕೊನೆಯ ಸುಲ್ತಾನ ಬೊಅಬ್ದಿಲ್ ಈ ಕೋಟೆಯನ್ನು ಇಸಬೆಲ್ಲ ಮತ್ತು ಫರ್ಡಿನಾಂಡ್ ದಂಪತಿಗೆ ಬಿಟ್ಟುಕೊಟ್ಟ. ಯುದ್ಧದಲ್ಲಿ ಸೋತು ಓಡಿಹೋದದ್ದಲ್ಲ. ಹಿಂದಿನ ನವೆಂಬರಿನಲ್ಲೇ ಕರಾರು ಆಗಿತ್ತು. ಮುಸ್ಲಿಮರ ಧರ್ಮ, ಮಸೀದಿ, ನ್ಯಾಯಪದ್ಧತಿ ಎಲ್ಲವೂ ಹಾಗೇ ಉಳಿಯುತ್ತವೆಂದು ಅದರಲ್ಲಿ ಬರೆದಿತ್ತು. ಏಳೆಂಟು ವರ್ಷ ಅದು ಹೇಗೋ ನಡೆಯಿತು. 1499ರಲ್ಲಿ ಸಿಸ್ನೆರೊಸ್ ಎಂಬ ಆರ್ಚ್‌ಬಿಷಪ್ ಬಂದು ಗುಂಪುಗುಂಪಾಗಿ ದೀಕ್ಷಾಸ್ನಾನ ಮಾಡಿಸಿದ, ಅರಬ್ಬಿ ಪುಸ್ತಕಗಳನ್ನು ಸುಡಿಸಿದ. ಜನ ದಂಗೆಯೆದ್ದರು. ದಂಗೆಯೆದ್ದವರೇ ಕರಾರು ಮುರಿದಿದ್ದಾರೆ, ಇನ್ನು ನಮಗೂ ಅದರ ಹಂಗಿಲ್ಲ ಎಂದಿತು ಪ್ರಭುತ್ವ. ಮುಂದೆ 1609ರಿಂದ 1614ರ ನಡುವೆ, ಮತಾಂತರಗೊಂಡವರ ಸಂತತಿಯ ಸುಮಾರು ಮೂರು ಲಕ್ಷ ಜನರನ್ನು ದೇಶದಿಂದಲೇ ಹೊರಹಾಕಿದರು. ಮತ ಬದಲಿಸಿದ ಮೇಲೂ ನೂರು ವರ್ಷ ನಂಬದೆ ಕಡೆಗೆ ಹಡಗು ಹತ್ತಿಸಿದ್ದು.

ಯಹೂದಿಗಳಿಗೆ ಅಷ್ಟು ಕಾಲವೂ ಸಿಗಲಿಲ್ಲ. 1492ರ ಮಾರ್ಚ್ 31ರಂದು ಇದೇ ಅಲ್‌ಹಂಬ್ರಾದಲ್ಲಿ ಆಜ್ಞೆ ಹೊರಟಿತು: ಜುಲೈ ಮುಗಿಯುವುದರೊಳಗೆ ಮತ ಬದಲಿಸಿ, ಇಲ್ಲವೇ ದೇಶ ಬಿಡಿ. ಚಿನ್ನ, ಬೆಳ್ಳಿ, ನಾಣ್ಯ ಒಯ್ಯುವಂತಿಲ್ಲ. ಎರಡೂವರೆ ವಾರ ಕಳೆದು, ಗ್ರನಾಡದ ಪಕ್ಕದ ಸಾಂತಾ ಫೇ ಪಾಳೆಯದಲ್ಲಿ ಕೊಲಂಬಸನ ಒಪ್ಪಂದಕ್ಕೆ ರುಜು ಬಿತ್ತು. ನಮ್ಮ ಪಠ್ಯಪುಸ್ತಕ ಈ ಎರಡನೆಯ ಕಾಗದವನ್ನಷ್ಟೇ ಹೇಳಿತು.

ಕಾರ್ಡೊಬಾಕ್ಕೆ ರೈಲಿನಲ್ಲಿ ಹೋದೆವು. ಅಲ್ಲಿಯ ದೊಡ್ಡ ಮಸೀದಿಯ ಬಗ್ಗೆ ಎಷ್ಟು ಓದಿ ಹೋದರೂ ಒಳಗೆ ಕಾಲಿಟ್ಟಾಗ ಓದಿದ್ದೆಲ್ಲ ಮರೆಯುತ್ತದೆ. ಎಂಟನೇ ಶತಮಾನದ ಕೊನೆಗೆ ಒಂದನೇ ಅಬ್ದುಲ್ ರಹಮಾನ್ ಶುರುಮಾಡಿದ್ದು. ಎರಡು ಅಂತಸ್ತಿನ ಕೆಂಪು-ಬಿಳಿ ಕಮಾನುಗಳು, 850ಕ್ಕೂ ಹೆಚ್ಚು ಕಂಬಗಳು, ಅಡಕೆ ತೋಟದಲ್ಲಿ ನಿಂತ ಹಾಗೆ. ಹಳೆಯ ಭಾಗದ ಕಂಬಗಳೆಲ್ಲ ರೋಮನ್ ಮತ್ತು ವಿಸಿಗಾಥ್ ಕಟ್ಟಡಗಳಿಂದ ಕಿತ್ತು ತಂದವು. ಒಂದರ ಬಣ್ಣ ಒಂದಕ್ಕಿಲ್ಲ. 1236ರಲ್ಲಿ ಊರು ಕ್ರೈಸ್ತರ ಕೈಸೇರಿದ ಮೇಲೆ ಅದು ಕ್ಯಾಥೆಡ್ರಲ್ ಆಯಿತು. ಆದರೂ ಸುಮಾರು ಮುನ್ನೂರು ವರ್ಷ ಕಟ್ಟಡವನ್ನು ಹೆಚ್ಚು ಕಮ್ಮಿ ಇದ್ದಂತೆಯೇ ಬಳಸಿದರು. 1523ರಲ್ಲಿ ಬಿಷಪ್ ನಟ್ಟನಡುವಿನ ಕಂಬಗಳನ್ನು ಕೆಡವಿ ಎತ್ತರದ ಇಗರ್ಜಿಯೊಂದನ್ನು ಎಬ್ಬಿಸಲು ಹೊರಟಾಗ ವಿರೋಧಿಸಿದ್ದು ಯಾರು ಗೊತ್ತೆ? ಊರಿನ ಕ್ರೈಸ್ತ ನಗರಸಭೆಯೇ. ದೊರೆಯ ತೀರ್ಮಾನ ಬರುವ ಮುನ್ನ ಆ ಕೆಲಸಕ್ಕೆ ಕೈಹಚ್ಚಿದವರಿಗೆ ಮರಣದಂಡನೆ ಎಂದು ಡಂಗುರ ಹೊಡೆಸಿತು. ದೊರೆ ಬಿಷಪ್ಪನ ಪರ ನಿಂತ. ಸೋತ ನಗರಸಭೆಯ ಬಗ್ಗೆ ನನಗೆ ಬಹಳ ಪ್ರೀತಿ ಹುಟ್ಟಿತು. ಪಕ್ಷ ಗೆದ್ದವರದಾಗಿದ್ದರೂ ಕಟ್ಟಡದ ಪರ ನಿಂತವರು ಅವರು.

ಹಾಗೆಂದು ಅರಬ್ಬರ ಕಾಲವೆಲ್ಲ ಸೌಹಾರ್ದದ ಸುವರ್ಣಯುಗ ಎಂದು ಗೈಡುಗಳು ಹೇಳುವುದನ್ನೂ ಇಡಿಯಾಗಿ ನುಂಗಬೇಕಿಲ್ಲ. ಹಳೆಯ ಯಹೂದಿ ಕೇರಿಯಲ್ಲಿ ತತ್ವಜ್ಞಾನಿ ಮೈಮೊನಿಡೀಸನ ಕಂಚಿನ ಪ್ರತಿಮೆಯಿದೆ, ಪ್ರವಾಸಿಗರು ಮುಟ್ಟಿ ಮುಟ್ಟಿ ಕಾಲು ಹೊಳೆಯುತ್ತದೆ. ಹನ್ನೆರಡನೇ ಶತಮಾನದಲ್ಲಿ ಅವನು ಹುಟ್ಟಿದ್ದು ಇಲ್ಲೇ. ಅವನ ಬಾಲ್ಯದಲ್ಲೇ, 1148ರಲ್ಲಿ, ಊರು ಹಿಡಿದ ಅಲ್ಮೊಹದ್ ಎಂಬ ಕಟ್ಟಾ ಪಂಥದವರು ಯಹೂದಿ, ಕ್ರೈಸ್ತರಿಬ್ಬರಿಗೂ ಉಸಿರುಕಟ್ಟಿಸಿದರು. ಅವನ ಕುಟುಂಬ ಊರು ಬಿಟ್ಟು ಅಲೆಯಿತು; ಕಡೆಗೆ ಅವನಿಗೆ ನೆಲೆ ಸಿಕ್ಕಿದ್ದು ಈಜಿಪ್ಟಿನ ಮುಸ್ಲಿಂ ಆಳ್ವಿಕೆಯಲ್ಲಿ. ಓಡಿಸಿದವರೂ ಆಶ್ರಯ ಕೊಟ್ಟವರೂ ಒಂದೇ ಧರ್ಮದವರು. ಧರ್ಮದ ಹೆಸರೊಂದನ್ನೇ ಹಿಡಿದು ಇತಿಹಾಸದ ಲೆಕ್ಕ ಬರೆಯುವವರು ಈ ಪ್ರತಿಮೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಸೆವಿಲ್ಲಿನ ಗಿರಾಲ್ಡ ಗೋಪುರ, ಕೊಲಂಬಸನ ಸಮಾಧಿ ಇವನ್ನೆಲ್ಲ ಬರೆದವರು ಬೇಕಾದಷ್ಟಿದ್ದಾರೆ. ನನಗೆ ನೆನಪುಳಿದದ್ದು ಹೊಳೆಯಾಚೆಯ ತ್ರಿಯಾನದ ತರಕಾರಿ ಮಾರುಕಟ್ಟೆ. ಅದರ ಅಡಿಯಲ್ಲಿ ಸಾನ್ ಹೋರ್ಹೆ ಎಂಬ ಕೋಟೆಯ ಪಾಯವಿದೆ, ಸ್ಪೇನಿನ ಇನ್‌ಕ್ವಿಸಿಷನ್ ನೆಲೆಯೂರಿದ್ದ ಜಾಗ. 1481ರಲ್ಲಿ ಮೊದಲ ಸಜೀವ ದಹನ ನಡೆದದ್ದು ಇದೇ ಊರಿನಲ್ಲಿ. ಈಗ ಕೆಳಗೆ ಸಣ್ಣದೊಂದು ಮ್ಯೂಸಿಯಂ, ಮೇಲೆ ಮೀನು, ಆಲಿವ್, ಗುಡ್ಡೆ ಹಾಕಿದ ಕೆಂಪು ಮೆಣಸಿನಕಾಯಿ. ಸ್ಪ್ಯಾನಿಷ್ ಭಾಷೆಯಲ್ಲಿ ಕಾಳುಮೆಣಸಿಗೆ ಪಿಮಿಯೆಂತಾ, ಮೆಣಸಿನಕಾಯಿಗೆ ಪಿಮಿಯೆಂತೊ. ಮೆಣಸು ಹುಡುಕಿ ಹೋದವರಿಗೆ ಅಮೆರಿಕದಲ್ಲಿ ಬೇರೆಯೇ ಖಾರ ಸಿಕ್ಕಿತು, ಹಳೆಯ ಹೆಸರನ್ನೇ ಚೂರು ತಿರುಚಿ ಅಂಟಿಸಿದರು. ಆ ಕಾಯಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದಾಗ ನಾವು ಮಾಡಿದ್ದೂ ಅದನ್ನೇ: ಮೆಣಸು ಇದ್ದದ್ದರಿಂದ ಇದು ಮೆಣಸಿನಕಾಯಿ. ಬ್ಯಾಡಗಿಯ ಮಾರುಕಟ್ಟೆಗೂ ಸೆವಿಲ್ಲಿನ ಮಾರುಕಟ್ಟೆಗೂ ಒಂದೇ ವ್ಯಾಕರಣ.

ಸೆವಿಲ್ಲಿನಿಂದ ಲಿಸ್ಬನ್ನಿಗೆ ನೇರ ರೈಲಿಲ್ಲ. ಬಸ್ಸಿನಲ್ಲಿ ಆರೇಳು ಗಂಟೆ. ಗಡಿ ದಾಟಿದ್ದು ಗೊತ್ತೇ ಆಗಲಿಲ್ಲ, ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ. 1492ರ ಬೇಸಿಗೆಯಲ್ಲಿ ಇದೇ ಗಡಿಯನ್ನು ಸಾವಿರಾರು ಯಹೂದಿಗಳು ತಲೆಗೆ 8 ಕ್ರುಜಾದೊ ತೆತ್ತು ದಾಟಿದರು, ಅದೂ ಎಂಟು ತಿಂಗಳ ವಾಸಕ್ಕೆ ಮಾತ್ರ. 1497ರಲ್ಲಿ ಪೋರ್ಚುಗಲ್ಲಿನ ದೊರೆ ಮಾನುಯೆಲ್ ಹೊರಗೆ ಹೋಗಲೂ ಬಿಡದೆ ಎಲ್ಲರಿಗೂ ಬಲವಂತದ ದೀಕ್ಷಾಸ್ನಾನ ಮಾಡಿಸಿ 'ಹೊಸ ಕ್ರೈಸ್ತರು' ಎಂಬ ಹೆಸರು ಕೊಟ್ಟ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಹೊರಟದ್ದು ಅದೇ ವರ್ಷ, ಅದೇ ದೊರೆಯ ಅಪ್ಪಣೆಯಿಂದ.

ಹಾಗೆ ಗಡಿ ದಾಟಿದ ಒಂದು ಕುಟುಂಬ ಕಾಸ್ತೆಲೊ ದ ವೀದ್ ಎಂಬ ಸಣ್ಣ ಊರಿನಲ್ಲಿ ನೆಲೆಸಿತು. ಅಲ್ಲಿ 1500ರ ಆಸುಪಾಸಿನಲ್ಲಿ ಹುಟ್ಟಿದ ಹುಡುಗ ಗಾರ್ಸಿಯಾ ದ ಓರ್ತಾ. ವೈದ್ಯ ಕಲಿತ, ಲಿಸ್ಬನ್ನಿನಲ್ಲಿ ಪಾಠ ಹೇಳಿದ. 1534ರಲ್ಲಿ ಗೋವೆಗೆ ಹೊರಟ. ಎರಡೇ ವರ್ಷಕ್ಕೆ ಪೋರ್ಚುಗಲ್ಲಿಗೂ ಇನ್‌ಕ್ವಿಸಿಷನ್ ಬಂದದ್ದು ನೋಡಿದರೆ ಅವನ ಮೂಗು ಚುರುಕಾಗಿತ್ತು ಎನ್ನಬೇಕು. ಗೋವೆಯಲ್ಲಿ ಗವರ್ನರುಗಳಿಗೆ ವೈದ್ಯನಾದ, ಅಹ್ಮದ್‌ನಗರದ ನಿಜಾಮ್ ಶಾಹನಿಗೂ ಮದ್ದು ಕೊಟ್ಟ. 1563ರಲ್ಲಿ ಗೋವೆಯಲ್ಲೇ ಅಚ್ಚಾದ ಅವನ ಪುಸ್ತಕ ನಮ್ಮ ನೆಲದ ಗಿಡಮೂಲಿಕೆಗಳ ಬಗ್ಗೆ ಯುರೋಪಿನವನೊಬ್ಬ ಕಣ್ಣಾರೆ ಕಂಡು ಬರೆದ ಮೊದಲ ದೊಡ್ಡ ಗ್ರಂಥ. ಮೆಣಸು, ಏಲಕ್ಕಿ, ಮಾವು, ಕಾಲರಾ ಬೇನೆ ಎಲ್ಲವೂ ಸಂಭಾಷಣೆಯ ರೂಪದಲ್ಲಿವೆ. ಮಾಲುಪ ಎಂಬ ಹಿಂದೂ ವೈದ್ಯನೊಬ್ಬ ಒಂದೆಡೆ ಬಂದು ಮಾತಾಡುತ್ತಾನೆ. ಅಂತೋನಿಯಾ ಎಂಬ ದಾಸಿ ಗಿಡಗಳನ್ನು ತಂದು ತೋರಿಸುತ್ತಾಳೆ. ಪುಸ್ತಕದ ಕೀರ್ತಿಯಲ್ಲಿ ಆ ಇಬ್ಬರಿಗೆ ಪಾಲು ಸಿಗಲಿಲ್ಲ ಎನ್ನುವುದು ನನ್ನ ಬೇಸರ.

ಗೋವೆಗೂ ಇನ್‌ಕ್ವಿಸಿಷನ್ ಬಂದದ್ದು 1560ರಲ್ಲಿ. ಓರ್ತಾ 1568ರಲ್ಲಿ ಹಾಸಿಗೆಯಲ್ಲೇ ಸತ್ತ. ಮರುವರ್ಷ ಅವನ ತಂಗಿ ಕತರೀನಾಳನ್ನು ಗುಟ್ಟಾಗಿ ಯಹೂದಿ ಧರ್ಮ ಪಾಲಿಸಿದಳೆಂದು ಗೋವೆಯಲ್ಲಿ ಸುಟ್ಟರು. ವಿಚಾರಣೆಯಲ್ಲಿ ಅಣ್ಣನ ಹೆಸರೂ ಬಂದಿತ್ತು. 1580ರಲ್ಲಿ ಅವನ ಗೋರಿ ಅಗೆದು ಎಲುಬು ತೆಗೆದು ಅವನ್ನೂ ಸುಟ್ಟರು. ಸತ್ತು ಹನ್ನೆರಡು ವರ್ಷವಾದವನಿಗೆ ಶಿಕ್ಷೆ.

ನಮ್ಮ ಮನೆಯ ಎಳೆ ಸೇರುವುದು ಇಲ್ಲಿ. ನಾವು ಮನೆಯೊಳಗೆ ಕೊಂಕಣಿ, ಹೊರಗೆ ಕನ್ನಡ ಆಡುವ ಕುಮಟಾದವರು. ಕುಲದೇವರು ಮಾತ್ರ ಗೋವೆಯ ಮಂಗೇಶ. ಆ ದೇವರೂ ಇದ್ದಲ್ಲಿ ಇಲ್ಲ. ಮೂಲ ಗುಡಿ ಕುಶಸ್ಥಳಿಯಲ್ಲಿತ್ತು. 1560ರಲ್ಲಿ ಭಕ್ತರು ಲಿಂಗವನ್ನು ಹೊತ್ತು ಹೊಳೆ ದಾಟಿ, ಆಗ ಪೋರ್ಚುಗೀಸರ ಕೈಯಲ್ಲಿರದಿದ್ದ ಪ್ರಿಯೋಳಕ್ಕೆ ಒಯ್ದರು. ದೇವರು ಹೊಳೆ ದಾಟಿದ, ನಮ್ಮವರು ಇನ್ನೂ ತೆಂಕಣಕ್ಕೆ ಇಳಿದರು. ಎಲ್ಲರೂ ಒಂದೇ ದಿನ ಒಂದೇ ಕಾರಣಕ್ಕೆ ಬಂದವರಲ್ಲ. ಗುಡಿ ಕೆಡವಿದ್ದು, ಮತಾಂತರದ ಒತ್ತಡ, ತೆರಿಗೆ, ವ್ಯಾಪಾರ ಹೀಗೆ ಬೇರೆ ಬೇರೆ ಕಾರಣ, ಬೇರೆ ಬೇರೆ ಕಾಲ. ಹಿಂದೂಗಳಷ್ಟೇ ಅಲ್ಲ, ದೀಕ್ಷೆ ಪಡೆದ ಮೇಲೂ ಹಳೆಯ ಆಚಾರ ಬಿಡದ ಕ್ರೈಸ್ತರೂ ಇನ್‌ಕ್ವಿಸಿಷನ್ನಿಗೆ ಹೆದರಿ ಕೆನರಾಕ್ಕೆ ಬಂದರು. ಕತರೀನಾಳ ಮೇಲೆ ಬಿದ್ದ ಆರೋಪವೂ ಹಳೆಯ ಆಚಾರದ್ದೇ. ಗ್ರನಾಡದಲ್ಲಿ ಹೊರಟ ಆಜ್ಞೆಯ ಹಿಂದಿನ ಗುಮಾನಿ ಎಪ್ಪತ್ತು ವರ್ಷದಲ್ಲಿ ಮಾಂಡೋವಿ ತೀರ ಮುಟ್ಟಿತ್ತು.

ಓಡಿಬಂದವರು ಮುನಿದು ದೂರ ಉಳಿದರು ಎಂದುಕೊಳ್ಳಬೇಡಿ. ಬಸ್ರೂರು, ಹೊನ್ನಾವರದ ಕಡೆಯಿಂದ ಗೋವೆಗೆ ಅಕ್ಕಿ ಕಳಿಸಿದ ವರ್ತಕರಲ್ಲಿ ಕೊಂಕಣಿಗರೂ ಇದ್ದರು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಅವರಿಗೆ ಬೇಕಾದ ಸರಕು ಅವಳ ಸೀಮೆಯಲ್ಲಿತ್ತು ಎಂಬುದಕ್ಕೆ. ಹೊಟ್ಟೆ ಮತ್ತು ವ್ಯಾಪಾರ ಎರಡೂ ಗಾಯಕ್ಕಿಂತ ಬೇಗ ಮಾತಾಡುತ್ತವೆ.

ಲಿಸ್ಬನ್ನಿನ ಬೆಲೆಮ್ಮಿನಲ್ಲಿರುವ ಜೆರೊನಿಮೊಸ್ ಮಠ ಆ ವ್ಯಾಪಾರದ ಕಲ್ಲಿನ ರೂಪ. 1501ರಲ್ಲಿ ಶುರುವಾದ ಕಟ್ಟಡದ ಖರ್ಚಿಗೆ ಆಫ್ರಿಕ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ನೂರಕ್ಕೆ ಐದರಷ್ಟು ಸುಂಕವನ್ನು ಎತ್ತಿಟ್ಟರು; ಅದಕ್ಕೆ ಮೆಣಸಿನ ವಿಂತೆನಾ ಎಂದೇ ಹೆಸರು. ಕಂಬಗಳ ಮೇಲೆ ಹಗ್ಗ, ಹವಳ, ಬಳ್ಳಿಗಳ ಕೆತ್ತನೆ. ಸುಂದರವೇ, ಸಂಶಯವಿಲ್ಲ. ಅಲ್ಲಿಂದ ನಾಲ್ಕು ಹೆಜ್ಜೆಗೆ ನದಿಯಂಚಿನಲ್ಲಿ ನಾವಿಕರ ಸ್ಮಾರಕವಿದೆ, ಹಡಗಿನ ಮೂತಿಯಂಥದ್ದು. ಗೋವೆ ಹಿಡಿದ ಅಲ್ಬುಕರ್ಕನೂ ಸಾಲಿನಲ್ಲಿದ್ದಾನೆ. ಅವನನ್ನು ಗೋವೆಗೆ ಕರೆದ ಹೊನ್ನಾವರದ ತಿಮ್ಮಯ್ಯ ಸಾಲಿನಲ್ಲಿಲ್ಲ. ಸಲಾಜಾರನ ಸರಕಾರ ಈ ಸ್ಮಾರಕವನ್ನು ಕಲ್ಲು, ಕಾಂಕ್ರೀಟಿನಲ್ಲಿ ಶಾಶ್ವತವಾಗಿ ನಿಲ್ಲಿಸಿದ್ದು 1960ರಲ್ಲಿ. ಮುಂದಿನ ವರ್ಷ ಡಿಸೆಂಬರಿನಲ್ಲಿ ಗೋವೆ ಅವರ ಕೈಬಿಟ್ಟಿತು.

ಊರ ನಡುವಿನ ರೊಸ್ಸಿಯೊ ಚೌಕದಲ್ಲಿ ಈಗ ರಾಷ್ಟ್ರೀಯ ರಂಗಮಂದಿರ ಇರುವ ಜಾಗದಲ್ಲೇ ಇನ್‌ಕ್ವಿಸಿಷನ್ನಿನ ಅರಮನೆಯಿತ್ತು. ಪಕ್ಕದ ಸಾಂವ್ ದೊಮಿಂಗೊಸ್ ಇಗರ್ಜಿಯಿಂದ 1506ರ ಏಪ್ರಿಲಿನಲ್ಲಿ ಹೊಸ ಕ್ರೈಸ್ತರ ಕಗ್ಗೊಲೆ ಶುರುವಾಗಿತ್ತು. ಸತ್ತವರ ನೆನಪಿಗೆ 2008ರಲ್ಲಿ ಒಂದು ಕಲ್ಲು ನೆಟ್ಟಿದ್ದಾರೆ. ಸ್ಪೇನ್ ತನ್ನ 1492ರ ಆಜ್ಞೆಯನ್ನು ವಿಧ್ಯುಕ್ತವಾಗಿ ರದ್ದುಮಾಡಿದ್ದು 1968ರಲ್ಲಿ. ಹೊರಹಾಕಿದ ಯಹೂದಿಗಳ ವಂಶಸ್ಥರಿಗೆ ಪೌರತ್ವ ಕೊಡುವ ಕಾನೂನನ್ನು ಎರಡೂ ದೇಶಗಳು 2015ರ ಸುಮಾರಿಗೆ ಜಾರಿಗೆ ತಂದವು. ಒಳ್ಳೆಯ ಕೆಲಸ. 1609ರಲ್ಲಿ ಹಡಗು ಹತ್ತಿಸಿದ ಮುಸ್ಲಿಂ ಮೂಲದವರ ಸಂತತಿಗೆ ಅಂಥ ಕಾನೂನು ಬರಲಿಲ್ಲ. 1961ಕ್ಕೆ ಮುಂಚೆ ಗೋವೆಯಲ್ಲಿ ಹುಟ್ಟಿದವರ ಮಕ್ಕಳು ಮೊಮ್ಮಕ್ಕಳು ಪೋರ್ಚುಗೀಸ್ ಪಾಸ್‌ಪೋರ್ಟಿಗೆ ಅರ್ಜಿ ಹಾಕುತ್ತಾರೆ. ನಾನೂರೈವತ್ತು ವರ್ಷ ಮೊದಲೇ ಬಿಟ್ಟು ಬಂದ ನಮ್ಮಂಥವರದ್ದು ಯಾವ ಪಟ್ಟಿಯಲ್ಲೂ ಇಲ್ಲ, ಬೇಕಾಗಿಯೂ ಇಲ್ಲ. ಆದರೆ ಕ್ಷಮೆಗೂ ಒಂದು ಅರ್ಹತೆಯ ಅಂಚು ಇರುತ್ತದಲ್ಲ, ಅದನ್ನು ಯಾರು ಎಲ್ಲಿ ಎಳೆಯುತ್ತಾರೆ ಎಂಬುದು ಕುತೂಹಲದ ವಿಷಯ.

ಕೊನೆಯ ದಿನ ಶನಿವಾರ. ಲಿಸ್ಬನ್ನಿನಲ್ಲಿ ಮಂಗಳವಾರ, ಶನಿವಾರ ಹಳೆಯ ಸಾಮಾನಿನ ಸಂತೆ ಸೇರುತ್ತದೆ. ಹಳೆಯ ನಾಣ್ಯ, ನೋಟು ಹರಡಿಕೊಂಡು ಕೂತಿದ್ದ ಮುದುಕರೊಬ್ಬರ ಬಳಿ 1971ರ 20 ಎಸ್ಕುಡೊ ನೋಟು ಕೊಂಡೆ. ಮುಂಬದಿಯಲ್ಲಿ ಗಾರ್ಸಿಯಾ ದ ಓರ್ತಾ, ಹಿಂಬದಿಯಲ್ಲಿ ಗೋವೆಯ ಹಳೆಯ ಪೇಟೆಯ ಚಿತ್ರ. ಗೋವೆ ಕೈಬಿಟ್ಟು ಹತ್ತು ವರ್ಷಕ್ಕೆ ಅಚ್ಚಾದದ್ದು. ಇದು ಯಾರು ಎಂದು ಹೆಂಡತಿ ಕೇಳಿದಳು. ಡಾಕ್ಟರು, ಒಳ್ಳೆಯ ಡಾಕ್ಟರು ಎಂದರು ಮುದುಕರು, ಚಿಲ್ಲರೆ ಎಣಿಸುತ್ತ.